ಉಡುಪಿನ ಸತ್ಯ, ಮನುಷ್ಯನ ಸತ್ಯ

ಕಳೆದುಹೋದ ಒಂದು ಕಾಲದ ಬದುಕನ್ನು ಪರದೆಯ ಮೇಲೆ ತರಹೊರಟ ಕಲಾವಿದನು ಆ ಕಾಲಕ್ಕೆ ಸಲ್ಲಿಸಬೇಕಾದ ಋಣವೇನು ಎಂಬ ಪ್ರಶ್ನೆ ಐತಿಹಾಸಿಕ ಚಿತ್ರವೊಂದು ತೆರೆಕಂಡಾಗಲೆಲ್ಲ ನಮ್ಮ ನಡುವೆ ಏಳುತ್ತಲೇ ಇರುತ್ತದೆ. ಉಡುಗೆತೊಡುಗೆ ಯಥಾರ್ಥವಾಗಿದೆಯೆ, ಆಯುಧಗಳು ಆ ಶತಮಾನದವೆ, ಮನೆಯ ಕಂಬತೊಲೆಗಳು ಆ ಸೀಮೆಯವೆ ಎಂದು ನಾವು ಸೂಕ್ಷ್ಮವಾಗಿ ಪರೀಕ್ಷಿಸುತ್ತೇವೆ. ಈ ಪರೀಕ್ಷೆಯಲ್ಲಿ ಉತ್ತೀರ್ಣವಾದ ಚಿತ್ರಕ್ಕೆ ಸತ್ಯನಿಷ್ಠವೆಂಬ ಬಿರುದನ್ನು ಒಡನೆಯೇ ಕೊಟ್ಟುಬಿಡುತ್ತೇವೆ. ಈ ಬಗೆಯ ನಿಷ್ಠೆಯನ್ನು ಒಂದು ವ್ರತದಂತೆ ಕೈಕೊಂಡು, ಅದಕ್ಕಾಗಿ ಹಣವನ್ನೂ ಜನಪ್ರಿಯತೆಯನ್ನೂ ಕೊನೆಗೆ ತನ್ನ ವೃತ್ತಿಯನ್ನೇ ತೆತ್ತವನು ಅಮೆರಿಕದ ಮೂಕಚಿತ್ರಗಳ ಯುಗದಲ್ಲಿ ಪಶ್ಚಿಮಸೀಮೆಯ ಕಥೆಗಳಿಗೆ ಹೆಸರಾಗಿದ್ದ ನಟ ವಿಲಿಯಂ ಎಸ್. ಹಾರ್ಟ್. ಆತನ ಚಿತ್ರಜೀವನವನ್ನು ಆಮೂಲಾಗ್ರವಾಗಿ ಪರ್ಯಾಲೋಚಿಸಿದವರಿಗೆ ಎರಡು ಸಂಗತಿಗಳು ಒಟ್ಟಿಗೆ ಮನದಟ್ಟಾಗದಿರವು: ವಸ್ತುಗಳ ವಿಷಯದಲ್ಲಿ ಸತ್ಯವಂತನಾಗಿರುವುದು ಎಷ್ಟು ದೊಡ್ಡ ಗುಣವೆಂಬುದು ಒಂದು, ಮನುಷ್ಯರ ವಿಷಯದಲ್ಲಿ ಸತ್ಯವಂತನಾಗಿರುವುದಕ್ಕೆ ಅದಷ್ಟೇ ಸಾಲದೆಂಬುದು ಮತ್ತೊಂದು.

ಹಾರ್ಟ್ ಬರುವುದಕ್ಕೆ ಮುಂಚೆಯೇ ಅಮೆರಿಕದ ಪಶ್ಚಿಮವು ಪರದೆಗೆ ಬಂದಿತ್ತು. 1903ರಲ್ಲಿ ಎಡ್ವಿನ್ ಪೋರ್ಟರ್ ತೆಗೆದ ‘ದಿ ಗ್ರೇಟ್ ಟ್ರೇನ್ ರಾಬರಿ’ ಎಂಬ ಕಿರುಚಿತ್ರವು ರೈಲುದರೋಡೆಯ ಕಥೆಯನ್ನು ಹೇಳಿ ಊರೂರುಗಳಲ್ಲಿ ಜಯಭೇರಿ ಹೊಡೆದ ಮೇಲೆ, ಅದರಲ್ಲಿ ಒಂದಕ್ಕಿಂತ ಹೆಚ್ಚು ಸಣ್ಣ ಪಾತ್ರಗಳನ್ನು ವಹಿಸಿದ್ದ ಗಿಲ್ಬರ್ಟ್ ಆಂಡರ್ಸನ್ ಎಂಬಾತನು 1907ರಲ್ಲಿ ಷಿಕಾಗೋ ನಗರದಲ್ಲಿ ಜಾರ್ಜ್ ಸ್ಪೂರ್ ಎಂಬವನೊಡನೆ ಸೇರಿ ಎಸ್ಸನೇ ಸಂಸ್ಥೆಯನ್ನು ಕಟ್ಟಿ, ‘ಬ್ರಾಂಕೋ ಬಿಲ್ಲಿ’ ಎಂಬ ಒಂದೇ ಪಾತ್ರವನ್ನು ಕಥೆಯಿಂದ ಕಥೆಗೆ ಮುಂದುವರಿಸುತ್ತ ನೂರಕ್ಕೂ ಮಿಕ್ಕ ಒಂದು ರೀಲಿನ ಚಿತ್ರಗಳನ್ನು ತಯಾರಿಸಿದನು. ಕೌಬಾಯ್ ಕಥೆಗೆ ಮೊದಲ ತಾರೆಯೆಂಬ ಕೀರ್ತಿ ನ್ಯಾಯವಾಗಿ ಈತನದೇ. ಆದರೆ ಅರ್ಕಾನ್ಸಾಸ್ ಸಂಸ್ಥಾನದಲ್ಲಿ ಹುಟ್ಟಿ ಬೆಳೆದ ಆಂಡರ್ಸನ್‌ಗೆ ದರೋಡೆಯ ಆ ಮೊದಲ ಚಿತ್ರದ ಹೊತ್ತಿಗೆ ಕುದುರೆಯ ಸವಾರಿಯೇ ಸರಿಯಾಗಿ ಬರುತ್ತಿರಲಿಲ್ಲ. ಆತನ ಪಶ್ಚಿಮವು ಕಥೆಗೆ ಒದಗಿದ ಒಂದು ಹಿನ್ನೆಲೆ, ಪ್ರೇಕ್ಷಕರು ಮೆಚ್ಚಿದ ಒಂದು ವೇಷ. ಆ ವೇಷದ ಒಳಗೆ ನಿಜವಾದ ಬದುಕೊಂದು ಇತ್ತೆಂದು ಹಟಹಿಡಿದು ವಾದಿಸಿದವನು ಹಾರ್ಟ್.

ಆ ಹಟಕ್ಕೆ ಬೇರು ಆತನ ಬಾಲ್ಯದಲ್ಲಿತ್ತು. 1864ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ನ್ಯೂಬರ್ಗ್ ಎಂಬಲ್ಲಿ ಹುಟ್ಟಿದ ಹಾರ್ಟ್, ಹಿಟ್ಟಿನ ಗಿರಣಿಗಳ ಕೆಲಸವನ್ನರಸುತ್ತ ಸಂಸಾರಸಹಿತನಾಗಿ ಊರಿಂದೂರಿಗೆ ಹೋಗುತ್ತಿದ್ದ ತಂದೆಯ ಹಿಂದೆ ಅಮೆರಿಕದ ನಡುನಾಡಿನ ಬಯಲುಗಳಲ್ಲಿಯೂ ಡಕೋಟ ಪ್ರಾಂತದ ಅಂಚಿನಲ್ಲಿಯೂ ಬೆಳೆದನು. ಆ ನೆಲದ ಮೂಲನಿವಾಸಿಗಳಾದ ಸೂ ಜನರ ಮಕ್ಕಳೊಡನೆ ಆಡಿ, ಅವರ ಮಾತನ್ನೂ ಕೈಸನ್ನೆಯ ಭಾಷೆಯನ್ನೂ ಕಲಿತುದಾಗಿ ಮುಂದೆ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಸಂಸಾರವು ನ್ಯೂಯಾರ್ಕಿಗೆ ಮರಳಿದ ಮೇಲೆ ಬಡತನದೊಡನೆ ಸೆಣಸುತ್ತಲೇ ರಂಗಭೂಮಿಯನ್ನು ಸೇರಿ, ಹೆಲೆನಾ ಮೊಜೆಸ್ಕಾ ಎಂಬ ಪ್ರಖ್ಯಾತ ನಟಿಯ ಮಂಡಳಿಯಲ್ಲಿ ಷೇಕ್ಸ್‌ಪಿಯರನ ನಾಟಕಗಳ ಅಭಿನಯದಿಂದ ಪಳಗಿ, 1899ರಲ್ಲಿ ‘ಬೆನ್ ಹರ್’ ನಾಟಕದ ಮೆಸ್ಸಾಲನ ಪಾತ್ರದಿಂದ ಹೆಸರು ಪಡೆದನು. ‘ದಿ ಸ್ಕ್ವಾ ಮ್ಯಾನ್’, ‘ದಿ ವರ್ಜೀನಿಯನ್’ ಮುಂತಾದ ನಾಟಕಗಳು ಆತನನ್ನು ಕೌಬಾಯ್ ಪಾತ್ರಗಳಿಗೆ ಕರೆದುತಂದುವು. ಇಂತು ಬಯಲಿನ ಬಾಲ್ಯವೂ ರಂಗಭೂಮಿಯ ಶಿಸ್ತೂ ಕೂಡಿಕೊಂಡು ಬಂದ ಈ ನಟನಿಗೆ ಕೌಬಾಯ್ ಎಂದರೆ ಬಾಲ್ಯದಲ್ಲಿ ಕಣ್ಣಾರೆ ಕಂಡ ಮನುಷ್ಯನೂ ಹೌದು, ಗಾಂಭೀರ್ಯದಿಂದ ಅಭಿನಯಿಸತಕ್ಕ ನಾಯಕನೂ ಹೌದು.

ನಾಟಕ ಮಂಡಳಿಯೊಡನೆ ಸಂಚಾರದಲ್ಲಿದ್ದಾಗ ಕ್ಲೀವ್‌ಲ್ಯಾಂಡ್ ನಗರದ ಚಿತ್ರಮಂದಿರವೊಂದರಲ್ಲಿ ಆಗಿನ ಒಂದು ಪಶ್ಚಿಮಸೀಮೆಯ ಚಿತ್ರವನ್ನು ನೋಡಿದ ಹಾರ್ಟ್‌ಗೆ, ಅದರ ಅಬದ್ಧಗಳನ್ನು ಕಂಡು ಕಳವಳವೂ, ಅಂತಹ ಅಬದ್ಧವನ್ನೂ ಜನ ಇಷ್ಟೊಂದು ಮೆಚ್ಚುವುದಾದರೆ ನಿಜವನ್ನು ತೋರಿಸಿದರೆ ಇನ್ನೆಷ್ಟು ಮೆಚ್ಚಿಯಾರೆಂಬ ಆಸೆಯೂ ಏಕಕಾಲದಲ್ಲಿ ಹುಟ್ಟಿದುವು. 1914ರಲ್ಲಿ ಆತನು ಕ್ಯಾಲಿಫೋರ್ನಿಯಕ್ಕೆ ಬಂದು, ರಂಗಭೂಮಿಯ ದಿನಗಳ ಗೆಳೆಯನಾಗಿದ್ದು ಆ ವೇಳೆಗೆ ಸಾಂತಾ ಮೋನಿಕಾದ ಕಡಲತೀರದ ಗುಡ್ಡಗಳಲ್ಲಿ ‘ಇನ್ಸ್‌ವಿಲ್’ ಎಂಬ ವಿಶಾಲವಾದ ಸ್ಟುಡಿಯೋವನ್ನು ನಡೆಸುತ್ತಿದ್ದ ಥಾಮಸ್ ಇನ್ಸ್‌ನನ್ನು ಕಂಡನು. ಪಶ್ಚಿಮದ ಕಥೆಗಳ ಕಾಲ ಮುಗಿಯಿತೆಂದು ಇನ್ಸ್ ಎಚ್ಚರಿಸಿದರೂ ಹಾರ್ಟ್ ಒಪ್ಪಲಿಲ್ಲ. ವಾರಕ್ಕೆ 125 ಡಾಲರಿನಂತಹ ಅಲ್ಪ ಸಂಬಳಕ್ಕೆ, 50ರ ಹೊಸ್ತಿಲಲ್ಲಿ ನಿಂತಿದ್ದ, ಉದ್ದಮುಖದ, ಯೌವನದ ಚೆಲುವು ಯಾವುದೂ ಉಳಿಯದಿದ್ದ ಒಬ್ಬ ನಟನು ಹೊಸದೊಂದು ಕಲೆಯಲ್ಲಿ ಮೊದಲಿನಿಂದ ಆರಂಭಿಸಿದುದು ಆತನ ಮನೋಧೈರ್ಯಕ್ಕೆ ಸಾಕ್ಷಿಯಾಗಿದೆ. ಆ ವರ್ಷವೇ ತಯಾರಾದ ‘ದಿ ಬಾರ್ಗೇನ್’ ಎಂಬ ದೀರ್ಘಚಿತ್ರವು ಆತನನ್ನು ತಾರೆಯನ್ನಾಗಿಸಿತು.

ಹಾರ್ಟ್ ತಂದ ಬದಲಾವಣೆಯನ್ನು ಇಂದಿನ ಪ್ರೇಕ್ಷಕನೂ ಆತನ ಚಿತ್ರದ ಮೊದಲ ಕೆಲವು ನಿಮಿಷಗಳಲ್ಲಿಯೇ ಗುರುತಿಸಬಲ್ಲನು. ಅಲ್ಲಿನ ಊರುಗಳು ಸುಣ್ಣಬಣ್ಣ ಕಾಣದ ಹಲಗೆಯ ಮನೆಗಳ ಸಾಲುಗಳು. ಬೀದಿಯೆಂದರೆ ಗಾಳಿಯೆದ್ದರೆ ಎದುರಿನ ಮನೆ ಕಾಣದಷ್ಟು ಧೂಳು. ಅಂಗಿ ಬೆವರಿನಿಂದ ಕರೆಗಟ್ಟಿದ್ದು. ಕುದುರೆ ದುಡಿದು ದಣಿದದ್ದು. ಛಾಯಾಗ್ರಾಹಕನಾದ ಜೋಸೆಫ್ ಆಗಸ್ಟ್ ಆ ಬಯಲಿನ ಬಿಸಿಲನ್ನೂ ಧೂಳನ್ನೂ ಕಥೆಯ ಪಾತ್ರಗಳನ್ನಾಗಿಯೇ ಮಾಡಿದನು. ಮೊದಲ ವರ್ಷಗಳಲ್ಲಿ ಹಾರ್ಟ್ ತನ್ನ ಚಿತ್ರಗಳಲ್ಲಿ ಬಹುಪಾಲನ್ನು ತಾನೇ ನಿರ್ದೇಶಿಸಿದನು. ಮುಂದೆ ಲ್ಯಾಂಬರ್ಟ್ ಹಿಲ್ಯರ್ ಆ ಭಾರವನ್ನು ಹೊತ್ತನು. ಅಭಿನಯದಲ್ಲಿಯೂ ಹಾರ್ಟ್‌ನ ಮಾರ್ಗ ಬೇರೆಯೇ: ಕೈಕಾಲು ಬೀಸಿ ಭಾವಗಳನ್ನು ಸಾರುವುದು ವಾಡಿಕೆಯಾಗಿದ್ದ ಆ ಕಾಲದಲ್ಲಿ ಈತನು ನಿಶ್ಚಲನಾಗಿ ನಿಂತು, ಕಣ್ಣುಗಳನ್ನು ಕಿರಿದಾಗಿಸಿ, ನಿರ್ಧಾರವೊಂದು ಮನಸ್ಸಿನಲ್ಲಿ ರೂಪುಗೊಳ್ಳುವ ಕ್ರಿಯೆಯನ್ನೇ ಪ್ರೇಕ್ಷಕನ ಮುಂದಿಟ್ಟನು. ಆತನ ನಾಯಕನು ಬಹುಮಟ್ಟಿಗೆ ಪಾಪಿಯಾಗಿಯೇ ಪ್ರವೇಶಿಸುತ್ತಾನೆ; ದರೋಡೆಗಾರನೋ ಜೂಜುಕೋರನೋ ಆಗಿದ್ದ ಅವನನ್ನು ಒಬ್ಬ ಸುಶೀಲೆಯ ದರ್ಶನವು ತಿದ್ದುತ್ತದೆ; ತಿದ್ದಿಕೊಂಡುದಕ್ಕೆ ಆತನು ಬೆಲೆಯನ್ನೂ ತೆರುತ್ತಾನೆ.

ಈ ಗುಣಗಳೆಲ್ಲ ಪರಾಕಾಷ್ಠೆಗೆ ಬಂದ ಕೃತಿ 1916ರ ‘ಹೆಲ್ಸ್ ಹಿಂಜಸ್’. ಗಾರ್ಡ್ನರ್ ಸಲ್ಲಿವನ್ ಬರೆದ ಈ ಕಥೆಯಲ್ಲಿ, ಮನೋದಾರ್ಢ್ಯವಿಲ್ಲದ ಯುವಕ ಪಾದ್ರಿಯೊಬ್ಬನು ತನ್ನ ತಂಗಿಯೊಡನೆ ಧರ್ಮಗೇಡಿಯಾದ ಒಂದು ಗಡಿಯೂರಿಗೆ ಬರುತ್ತಾನೆ. ಅವನನ್ನು ಓಡಿಸಲೆಂದು ಬಂದ ಬಂದೂಕುಗಾರ ಬ್ಲೇಜ್ ಟ್ರೇಸಿ ಆ ತಂಗಿಯ ಮುಖದಲ್ಲಿ ಕಂಡ ಶ್ರದ್ಧೆಗೆ ಸೋತು ಸಜ್ಜನರ ಪಕ್ಷವನ್ನು ಸೇರುತ್ತಾನೆ. ಧರ್ಮವನ್ನು ಬೋಧಿಸಬೇಕಾಗಿದ್ದ ಪಾದ್ರಿಯಾದರೋ ಮದ್ಯಕ್ಕೂ ಮೋಹಕ್ಕೂ ವಶನಾಗಿ, ತನ್ನದೇ ಇಗರ್ಜಿಯನ್ನು ಸುಡಹೊರಟ ದೊಂಬಿಯೊಡನೆ ಕೂಡಿ ಅಲ್ಲಿಯೇ ಪ್ರಾಣಬಿಡುತ್ತಾನೆ. ಆಗ ಟ್ರೇಸಿ ಪಾನಗೃಹಕ್ಕೆ ಇಟ್ಟ ಬೆಂಕಿ ಇಡೀ ಊರನ್ನೇ ನುಂಗುತ್ತದೆ. ಪಾಪಿಯ ಉದ್ಧಾರವೂ ಪುರೋಹಿತನ ಪತನವೂ ಒಂದರೊಳಗೊಂದು ಹೆಣೆದುಕೊಂಡ ಈ ರಚನೆ, ಹೊಗೆಯ ನಡುವೆ ಓಡುವ ಜನಸಮೂಹವನ್ನು ಸೆರೆಹಿಡಿದ ಆ ಕೊನೆಯ ಭಾಗದ ಭೀಕರ ಸೌಂದರ್ಯ, ಮೂಕಚಿತ್ರಕಲೆ ಆ ವರ್ಷಗಳಲ್ಲಿ ಮುಟ್ಟಿದ ಎತ್ತರಗಳಲ್ಲೊಂದು. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಸಂಗ್ರಹದ ಪಟ್ಟಿಗೆ 1994ರಲ್ಲಿ ಇದನ್ನು ಸೇರಿಸಿದ್ದು ಎಲ್ಲ ರೀತಿಯಿಂದಲೂ ಯುಕ್ತವಾದುದೇ.

ಇಷ್ಟನ್ನು ಮನಃಪೂರ್ವಕವಾಗಿ ಹೊಗಳಿದ ಮೇಲೆ, ಅಷ್ಟೇ ಮನಃಪೂರ್ವಕವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಇದೇ ಚಿತ್ರದ ಖಳನನ್ನು ಪರಿಚಯಿಸುವಾಗ ಪರದೆಯ ಮೇಲೆ ಮೂಡುವ ಬರಹವು ಅವನ ಕುಟಿಲತೆಯನ್ನು ಮೆಕ್ಸಿಕೋ ಜನರ ಸ್ವಭಾವಕ್ಕೆ ಹೋಲಿಸಿ, ಒಂದು ಜನಾಂಗವನ್ನೇ ಬೈಗುಳಕ್ಕೆ ಉಪಮಾನವಾಗಿಸುತ್ತದೆ. ಅದೇ ವರ್ಷದ ‘ದಿ ಆರ್ಯನ್’ ಎಂಬ ಚಿತ್ರವು ಇನ್ನೂ ಮುಂದೆ ಹೋಗುತ್ತದೆ: ಬಿಳಿಯರ ಊರಿನಲ್ಲಿ ಮೋಸಹೋಗಿ, ಬಿಳಿಯರನ್ನೆಲ್ಲ ದ್ವೇಷಿಸಿ, ಮೆಕ್ಸಿಕನ್ನರೂ ಮೂಲನಿವಾಸಿಗಳೂ ಕೂಡಿದ ಗುಂಪಿಗೆ ಒಡೆಯನಾದ ನಾಯಕನು, ಬಾಯಾರಿ ಬಂದ ವಲಸೆಗಾರರನ್ನು ಮೊದಲು ತಿರಸ್ಕರಿಸಿ, ಕೊನೆಗೆ ಬೆಸ್ಸಿ ಲವ್ ಅಭಿನಯಿಸಿದ ಮುಗ್ಧೆಯೊಬ್ಬಳ ಮೊರೆಗೆ ಕರಗಿ ರಕ್ಷಕನಾಗುತ್ತಾನೆ. ಬಾಯಾರಿದವರಿಗೆ ನೀರು ಕೊಡುವುದು ಮನುಷ್ಯಮಾತ್ರರ ಧರ್ಮ. ಚಿತ್ರವಾದರೋ ಅದನ್ನು ವರ್ಣದ ಧರ್ಮವೆಂದು ಸಾರುತ್ತದೆ. ಯಾವ ಕಲಾವಿದನು ತಡಿಯ ಚರ್ಮ ಯಾವ ಸೀಮೆಯದೆಂದು ತಪ್ಪದೆ ಗುರುತಿಸುತ್ತಿದ್ದನೋ, ಅವನೇ ಆ ಸೀಮೆಯಲ್ಲಿ ತನ್ನ ಪಕ್ಕದಲ್ಲಿ ಬಾಳಿದ ಅನ್ಯಜನಾಂಗದ ಮನುಷ್ಯರನ್ನು ರೂಢಿಯ ಅಚ್ಚುಗಳಲ್ಲಿ ಎರಕಹೊಯ್ದನು.

ಆ ಕಾಲವೇ ಹಾಗಿತ್ತು, ಕಾಲದ ದೋಷವನ್ನು ವ್ಯಕ್ತಿಯ ಮೇಲೆ ಹೊರಿಸಬಾರದು ಎಂಬ ಸಮಾಧಾನವನ್ನು ಇಂತಹ ಸಂದರ್ಭಗಳಲ್ಲಿ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹಾರ್ಟ್‌ನ ವಿಷಯದಲ್ಲಿ ಈ ಸಮಾಧಾನವು ಪೂರ್ಣವಾಗಿ ಸಲ್ಲದು. 1910ರಷ್ಟು ಹಿಂದೆಯೇ ಜೇಮ್ಸ್ ಯಂಗ್ ಡಿಯರ್ ನಿರ್ದೇಶಿಸಿದ ‘ವೈಟ್ ಫಾನ್ಸ್ ಡಿವೋಷನ್’ ಎಂಬ ಚಿತ್ರದಲ್ಲಿ ಮೂಲನಿವಾಸಿಗಳ ಮನೆಯೊಳಗಿನ ಸುಖದುಃಖಗಳು ಕಥಾವಸ್ತುವಾಗಿದ್ದುವು. ಹೋ-ಚಂಕ್ ಜನಾಂಗದ ಲಿಲಿಯನ್ ಸೇಂಟ್ ಸಿರ್ ಎಂಬಾಕೆ ‘ರೆಡ್ ವಿಂಗ್’ ಎಂಬ ಹೆಸರಿನಿಂದ 1914ರ ‘ದಿ ಸ್ಕ್ವಾ ಮ್ಯಾನ್’ ಚಿತ್ರದ ಮುಖ್ಯ ಸ್ತ್ರೀಪಾತ್ರವನ್ನು ವಹಿಸಿದ್ದಳು. ಹಾರ್ಟ್ ದುಡಿಯುತ್ತಿದ್ದ ಇನ್ಸ್‌ವಿಲ್‌ನ ಗುಡ್ಡಗಳ ಮೇಲೆಯೇ ಒಗ್ಲಾಲ ಲಕೋಟ ಜನರು ಡೇರೆಗಳನ್ನು ಹೂಡಿಕೊಂಡು ಚಿತ್ರಗಳಲ್ಲಿ ನಟಿಸುತ್ತಿದ್ದರು. ಬೇರೆ ರೀತಿಯಲ್ಲಿ ನೋಡುವುದು ಆ ಕಾಲಕ್ಕೆ ಅಸಾಧ್ಯವಾಗಿರಲಿಲ್ಲ; ಆ ನೋಟಕ್ಕೆ ಬೇಕಾದ ಜನರೆಲ್ಲರೂ ಕಣ್ಣೆದುರಿಗೇ ಇದ್ದರು.

ಅಷ್ಟೇ ಅಲ್ಲ, ಹಾರ್ಟ್‌ನ ಹೃದಯವೂ ಆ ಜನರ ಕಡೆಗೆ ಮುಚ್ಚಿರಲಿಲ್ಲ. ಲಕೋಟ ಜನಾಂಗದವನಾಗಿ, ಬಾಲ್ಯದಲ್ಲಿ ಕಾರ್ಲೈಲ್‌ನ ಸರ್ಕಾರಿ ವಸತಿಶಾಲೆಗೆ ಸೇರಿ, ಬಫಲೋ ಬಿಲ್‌ನ ಪ್ರದರ್ಶನ ಮಂಡಳಿಯೊಡನೆ ಸಂಚರಿಸಿ, ಬಳಿಕ ಚಿತ್ರನಟನಾಗಿ ನೆಲೆನಿಂತ ಲೂಥರ್ ಸ್ಟ್ಯಾಂಡಿಂಗ್ ಬೇರ್, 1928ರಲ್ಲಿ ತನ್ನ ಜನರ ಬಾಳನ್ನು ಕುರಿತು ‘ಮೈ ಪೀಪಲ್ ದಿ ಸೂ’ ಎಂಬ ಗ್ರಂಥವನ್ನು ಪ್ರಕಟಿಸಿದಾಗ ಅದಕ್ಕೆ ಮುನ್ನುಡಿ ಬರೆದವನು ಹಾರ್ಟ್. ಮೂಲನಿವಾಸಿಯೊಬ್ಬನು ತನ್ನ ಕಥೆಯನ್ನು ತಾನೇ ಹೇಳುವುದು ಅಪರೂಪವಾಗಿದ್ದ ಕಾಲದಲ್ಲಿ, ದೇಶದ ಮನೆಮನೆಗೂ ಪರಿಚಿತವಾಗಿದ್ದ ತನ್ನ ಹೆಸರನ್ನು ಆ ಪುಸ್ತಕದ ಬೆನ್ನಿಗೆ ನಿಲ್ಲಿಸಿದುದು ಗೌರವಾರ್ಹವಾದ ನಡತೆ. ಲೇಖನಿಯನ್ನು ಹಿಡಿದಾಗ ತೋರಿದ ಈ ಔದಾರ್ಯವನ್ನು ಆತನು ಕ್ಯಾಮೆರಾದ ಹಿಂದೆ ನಿಂತಾಗ ತೋರಿದ್ದಿದ್ದರೆ ಅಮೆರಿಕದ ಪಶ್ಚಿಮಸೀಮೆಯ ಚಿತ್ರಗಳ ಇತಿಹಾಸವೇ ಬೇರೆಯಾಗುತ್ತಿತ್ತೆಂದು ನಾನು ನಂಬಿದ್ದೇನೆ. ಏಕೆಂದರೆ ಕೌಬಾಯ್ ನಾಯಕನ ಆಕೃತಿಯನ್ನು ತಿದ್ದುವ ಅಧಿಕಾರ ಆತನು ತಾರೆಯಾಗಿದ್ದ ಹತ್ತು ವರ್ಷಗಳಲ್ಲಿ ಆತನಿಗಿದ್ದಷ್ಟು ಮತ್ತಾರಿಗೂ ಇರಲಿಲ್ಲ.

ಆ ಅಧಿಕಾರದ ವ್ಯಾಪ್ತಿಯನ್ನು ತಿಳಿಯಲು ಆತನ ಏಳಿಗೆಯ ಕೆಲವು ಸಂಗತಿಗಳೇ ಸಾಕು. 1917ರಲ್ಲಿ ಆತನು ಅಡಾಲ್ಫ್ ಜುಕರ್‌ನ ಸಂಸ್ಥೆಗೆ ಚಿತ್ರಗಳನ್ನು ತಯಾರಿಸಿಕೊಡಲು ಆರಂಭಿಸಿದನು; 1918ರಲ್ಲಿ ಮೊದಲ ಮಹಾಯುದ್ಧದ ಸಾಲಪತ್ರಗಳನ್ನು ಮಾರಲು ಚಾಪ್ಲಿನ್, ಮೇರಿ ಪಿಕ್‌ಫೋರ್ಡ್, ಡಗ್ಲಸ್ ಫೇರ್‌ಬ್ಯಾಂಕ್ಸ್ ಇವರಂತೆಯೇ ದೇಶಸಂಚಾರ ಮಾಡಿದನು; ಮರುವರ್ಷ ಈ ಮೂವರೂ ನಿರ್ದೇಶಕ ಗ್ರಿಫಿತನೊಡನೆ ಸೇರಿ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಯನ್ನು ಕಟ್ಟುವ ಆಲೋಚನೆಯಲ್ಲಿ ತೊಡಗಿದಾಗ ಅವರ ಸಾಲಿನಲ್ಲಿ ಮೊದಲು ಹಾರ್ಟ್‌ನೂ ಇದ್ದು, ಬಳಿಕ ಹಿಂದೆಗೆದನು. ಆತನ ಚುಕ್ಕೆಬಣ್ಣದ ಕುದುರೆ ಫ್ರಿಟ್ಜ್‌ಗೂ ಅಭಿಮಾನಿಗಳ ಬಳಗವಿತ್ತು. 1922ರಲ್ಲಿ ಆ ಕುದುರೆಯೇ ಕಥೆ ಹೇಳುವಂತೆ ಹಾರ್ಟ್ ಒಂದು ಪುಸ್ತಕವನ್ನು ಬರೆದನು.

ಇಷ್ಟರಲ್ಲಿ ಪ್ರೇಕ್ಷಕರ ರುಚಿ ಬದಲಾಗತೊಡಗಿತ್ತು. ಫಾಕ್ಸ್ ಸಂಸ್ಥೆಯನ್ನು 1917ರಲ್ಲಿ ಸೇರಿದ ಟಾಮ್ ಮಿಕ್ಸ್, ಹೊಳೆಯುವ ಉಡುಪು, ಟೋನಿಯೆಂಬ ಚತುರ ಕುದುರೆ, ಉಸಿರು ಬಿಗಿಹಿಡಿಯಿಸುವ ಸಾಹಸಗಳು ಇವುಗಳಿಂದ ಪಶ್ಚಿಮಸೀಮೆಯನ್ನು ಒಂದು ಉಲ್ಲಾಸದ ಉತ್ಸವವಾಗಿ ಮಾರ್ಪಡಿಸಿದನು. ಯುದ್ಧಾನಂತರದ ಯುವಜನರಿಗೆ ಅದೇ ಹಿತವೆನಿಸಿ, ಪಶ್ಚಾತ್ತಾಪದ ಭಾರ ಹೊತ್ತ ಹಾರ್ಟ್‌ನ ನಾಯಕನು ಹಳಬನಾಗಿ ತೋರಿದನು. 1923ರ ‘ವೈಲ್ಡ್ ಬಿಲ್ ಹಿಕಾಕ್’, ಅದರ ಹಿಂದೆಯೇ ಬಂದ ‘ಸಿಂಗರ್ ಜಿಮ್ ಮೆಕೀ’ ಚಿತ್ರಗಳಿಗೆ ಜನಾದರ ಕಡಿಮೆಯಾದುದನ್ನು ಕಂಡು, ಇನ್ನು ಮೇಲೆ ಕಥೆಗಳ ಆಯ್ಕೆ ತಮ್ಮ ಮೇಲ್ವಿಚಾರಣೆಗೆ ಒಳಪಟ್ಟಿರಬೇಕೆಂದು ಜುಕರ್‌ನ ಸಂಸ್ಥೆಯವರು ವಿಧಿಸಿದರು. ಹಾರ್ಟ್ ಒಪ್ಪದೆ ಹೊರಬಂದನು. ಮಿಕ್ಸ್‌ನನ್ನು ಇಲ್ಲಿ ಹೀಗಳೆಯಬೇಕಾದ ಕಾರಣವಿಲ್ಲ. ವಿನೋದವೂ ಕಲೆಯ ಧರ್ಮಗಳಲ್ಲೊಂದು. ಆದರೆ ತಾನು ನಂಬಿದ ರೀತಿಯನ್ನು ಮಾರುಕಟ್ಟೆಯ ಒತ್ತಾಯಕ್ಕೆ ಬಿಟ್ಟುಕೊಡದೆ ವೃತ್ತಿಯನ್ನೇ ಬಿಟ್ಟುಕೊಡಲು ಸಿದ್ಧನಾದ ಒಬ್ಬನನ್ನು ಕಂಡಾಗ ತಲೆಬಾಗದಿರುವುದು ಸಾಧ್ಯವಿಲ್ಲ.

ಹೊರಬಂದ ಮೇಲೆ ತನ್ನ ಹಣವನ್ನೂ ತೊಡಗಿಸಿ, 1925ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್‌ನ ಮೂಲಕ ‘ಟಂಬಲ್‌ವೀಡ್ಸ್’ ಎಂಬ ಚಿತ್ರವನ್ನು ಕೊಟ್ಟನು. ಕಿಂಗ್ ಬ್ಯಾಗಟ್ ನಿರ್ದೇಶಿಸಿದ ಇದರ ವಸ್ತು, 1893ರ ಸೆಪ್ಟೆಂಬರ್ 16ರಂದು ಓಕ್ಲಹೋಮದ ಚೆರೋಕಿ ಪಟ್ಟಿಯನ್ನು ವಲಸೆಗಾರರಿಗೆ ತೆರೆದಾಗ ಲಕ್ಷಕ್ಕೂ ಮಿಕ್ಕ ಜನರು ಭೂಮಿಗಾಗಿ ಏಕಕಾಲದಲ್ಲಿ ನುಗ್ಗಿದ ಆ ಮಹಾಧಾವನ. ಗಾಡಿಗಳೂ ಕುದುರೆಗಳೂ ಬೈಸಿಕಲ್ಲುಗಳೂ ಒಂದೇ ಗೆರೆಯಿಂದ ಸಿಡಿದೆದ್ದು ಬಯಲನ್ನು ತುಂಬುವ ಆ ದೃಶ್ಯದಲ್ಲಿ, 60 ವರ್ಷದ ಹಾರ್ಟ್ ಒಬ್ಬಂಟಿಯಾಗಿ ಕುದುರೆಯನ್ನು ನಾಗಾಲೋಟದಲ್ಲಿ ಬಿಟ್ಟು ದಿಗಂತದುದ್ದಕ್ಕೂ ಸಾಗುವುದನ್ನು ನೋಡಿದವರು, ಸವಾರಿಯೆಂಬುದು ಹೇಗೆ ಕಾವ್ಯವಾಗಬಲ್ಲುದೆಂಬುದನ್ನು ಬಲ್ಲರು. ಇದಕ್ಕೆ ಮುಂಚೆ, ದನದ ಮಂದೆಗಳನ್ನು ಆ ನೆಲದಿಂದ ಹೊರಡಿಸುವಾಗ ದನಗಾಹಿಗಳು ಟೋಪಿಗಳನ್ನು ತೆಗೆದು ತಮ್ಮ ಪಶ್ಚಿಮಕ್ಕೆ ಕೊನೆಯ ಗೌರವವನ್ನು ಸಲ್ಲಿಸುತ್ತಾರೆ. ದೃಶ್ಯವು ಹೃದಯಸ್ಪರ್ಶಿಯಾದುದು, ಆದರೆ ಆ ನೆಲ ದನಗಾಹಿಗಳದೂ ಆಗಿರಲಿಲ್ಲ. ಚೆರೋಕಿ ಜನಾಂಗಕ್ಕೆ ಸೇರಿದ್ದ ಆ ಪಟ್ಟಿಯನ್ನು ದನದ ಒಡೆಯರು ಗೇಣಿಗೆ ಹಿಡಿದಿದ್ದರು. ಸರ್ಕಾರದ ಒತ್ತಾಯಕ್ಕೆ ಮಣಿದು ಚೆರೋಕಿಗಳು ಅದನ್ನು ಮಾರಬೇಕಾಯಿತು. ಗೇಣಿದಾರನ ಅಗಲಿಕೆಗೆ ಕಣ್ಣೀರು ಸುರಿಸಿದ ಚಿತ್ರವು ಭೂಮಿಯ ಮೂಲ ಒಡೆಯನ ಅಗಲಿಕೆಗೆ ತನ್ನ ಶೋಕದಲ್ಲಿ ಸಮಪಾಲನ್ನು ಕೊಡಲಿಲ್ಲ. ಹಾರ್ಟ್‌ನ ಶಕ್ತಿಯೂ ಮಿತಿಯೂ ಇಷ್ಟು ಹತ್ತಿರ ಹತ್ತಿರ ನಿಂತ ದೃಶ್ಯ ಇನ್ನೊಂದಿಲ್ಲ.

ಹಾರ್ಟ್ ಅಭಿನಯಿಸಿದ ಕಥಾಚಿತ್ರಗಳಲ್ಲಿ ಅದೇ ಕೊನೆಯದಾಯಿತು. ಮುಂದಿನ ವರ್ಷಗಳನ್ನು ಆತನು ನ್ಯೂಹಾಲ್‌ನ ಗುಡ್ಡದ ಮೇಲಣ ತನ್ನ ಮನೆಯಲ್ಲಿ ತಂಗಿ ಮೇರಿ ಎಲೆನ್‌ಳೊಡನೆ ಪುಸ್ತಕಗಳನ್ನು ಬರೆಯುತ್ತ ಕಳೆದನು. ಗಡಿನಾಡಿನ ಹಳೆಯ ಕಾವಲುಗಾರ ವ್ಯಾಟ್ ಅರ್ಪ್ ಆತನ ಸ್ನೇಹಿತನಾಗಿದ್ದನು. 1929ರಲ್ಲಿ ಅರ್ಪ್ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಹಾರ್ಟ್‌ನೂ ಟಾಮ್ ಮಿಕ್ಸ್‌ನೂ ಇಬ್ಬರೂ ಇದ್ದರು. 1939ರಲ್ಲಿ ‘ಟಂಬಲ್‌ವೀಡ್ಸ್’ ಧ್ವನಿಸಹಿತವಾಗಿ ಮತ್ತೆ ಬಿಡುಗಡೆಯಾದಾಗ, ಅದಕ್ಕೆ ಮುನ್ನುಡಿಯಾಗಿ ಹಾರ್ಟ್ ತನ್ನ ಮನೆಯ ಬಳಿಯ ಬಯಲಿನಲ್ಲಿ ನಿಂತು ಕೆಲವು ನಿಮಿಷ ಮಾತನಾಡಿದನು. ಮೂಕಚಿತ್ರಗಳ ಆ ನಟನ ಕಂಠವು ಪರದೆಯಿಂದ ಕೇಳಿಬಂದುದು ಆಗಲೇ. ರಂಗಭೂಮಿಯಲ್ಲಿ ಪಳಗಿದ ಆ ಗಂಭೀರ ಧ್ವನಿ, ಚಿತ್ರತಯಾರಿಕೆಯ ಸುಖವನ್ನೂ ಹಿಂದಿನ ವರ್ಷ ಸತ್ತ ಫ್ರಿಟ್ಜ್‌ನನ್ನೂ ನೆನೆಯುತ್ತ ಗದ್ಗದಿತವಾಗುತ್ತದೆ. ಅಳುವಿಗೆ ನಾಚದ ಆ ವೃದ್ಧನ ಮುಂದೆ ಯಾವ ವಿಮರ್ಶಕನ ಮನಸ್ಸೂ ಮೃದುವಾಗದಿರದು.

1946ರ ಜೂನ್ 23ರಂದು ಹಾರ್ಟ್ ತೀರಿಕೊಂಡನು. ಜನರು ತನಗೆ ಕೊಟ್ಟುದನ್ನು ಜನರಿಗೇ ಹಿಂದಿರುಗಿಸಬೇಕೆಂಬ ಸಂಕಲ್ಪದಿಂದ ತನ್ನ ನ್ಯೂಹಾಲ್ ಎಸ್ಟೇಟನ್ನು ಲಾಸ್ ಏಂಜಲೀಸ್ ಕೌಂಟಿಗೆ ಬರೆದಿಟ್ಟಿದ್ದನು. ಅದು ಈಗ ಸಾರ್ವಜನಿಕ ಉದ್ಯಾನವೂ ವಸ್ತುಸಂಗ್ರಹಾಲಯವೂ ಆಗಿದ್ದು, ಪಶ್ಚಿಮಸೀಮೆಯ ವರ್ಣಚಿತ್ರಗಳ ಜೊತೆಗೆ ಮೂಲನಿವಾಸಿಗಳ ಕರಕೌಶಲದ ವಸ್ತುಗಳೂ ಅಲ್ಲಿವೆ. ಇಂತಹವನ ಬದುಕಿನಿಂದ ನಮ್ಮ ಚಿತ್ರನಿರ್ಮಾಪಕರು ಕಲಿಯತಕ್ಕದ್ದು ಬಹಳವಿದೆ. ಮಾರುಕಟ್ಟೆಗೆ ಮಣಿಯದ ಛಲವನ್ನೂ, ಧೂಳನ್ನು ಧೂಳಾಗಿಯೇ ತೋರಿಸುವ ಪ್ರಾಮಾಣಿಕತೆಯನ್ನೂ ಆತನಿಂದ ಕಲಿಯಲಿ. ಆದರೆ ಅಷ್ಟಕ್ಕೇ ನಿಲ್ಲದಿರಲಿ. ಗತಕಾಲವನ್ನು ತೆರೆಗೆ ತರುವಾಗ ಅರಸನ ಒಡವೆಗಳಿಗೆ ತೋರುವ ಶ್ರದ್ಧೆಯನ್ನು, ಆ ಅರಸನ ಗೆಲುವಿನಿಂದ ನೆಲೆ ಕಳೆದುಕೊಂಡವರ ಮುಖಕ್ಕೂ ಮಾತಿಗೂ ತೋರಲಿ. ಪ್ರೇಕ್ಷಕರಾದ ನಾವೂ ಚಿತ್ರವೊಂದನ್ನು ಸತ್ಯನಿಷ್ಠವೆಂದು ಕರೆಯುವ ಮುನ್ನ ಅದರಲ್ಲಿ ಯಾರ ಅಳಲು ಕೇಳಿಸಿತು, ಯಾರದು ಕೇಳಿಸಲಿಲ್ಲ ಎಂದು ವಿಚಾರಿಸೋಣ. ಹಾರ್ಟ್‌ನನ್ನು ಮೆಚ್ಚಿಕೊಂಡೇ ಈ ಪ್ರಶ್ನೆಯನ್ನು ಕೇಳಬಹುದು. ಆತನು ಬಿಟ್ಟುಹೋದ ಕೆಲಸವನ್ನು ಮುಂದುವರಿಸುವ ದಾರಿಯೂ ಅದೇ.